ನಮ್ಮ ಪುಟ್ಟ ಬಾಲಪ್ರತಿಭೆನಾ? ಪದೇ ಪದೇ ಕೇಳುವ ಪ್ರಶ್ನೆಗಳು

ಕಳೆದ ತಿಂಗಳು ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ಎಲೆ ಹಾಕುವ ಮೊದಲು ಐದು ವರ್ಷದ ಹುಡುಗನೊಬ್ಬನನ್ನು ಕುರ್ಚಿ ಮೇಲೆ ನಿಲ್ಲಿಸಿದರು. "ಹೇಳು ಪುಟ್ಟ, ಫ್ರಾನ್ಸ್?" "ಪ್ಯಾರಿಸ್." "ಜಪಾನ್?" "ಟೋಕಿಯೋ." ಹೀಗೇ ಮೂವತ್ತು ದೇಶ ಆಯಿತು. ಚಪ್ಪಾಳೆಯೋ ಚಪ್ಪಾಳೆ. ಆಮೇಲೆ ಪಕ್ಕಕ್ಕೆ ಕರೆದು, "ಪ್ಯಾರಿಸ್ ಎಲ್ಲಿದೆ ಕಂದ?" ಅಂತ ಕೇಳಿದೆ. "ಅಮ್ಮನ ಮೊಬೈಲಲ್ಲಿ" ಅಂದ. ಅವತ್ತು ಪಂಕ್ತಿಯಲ್ಲಿ ಶುರುವಾದ ಪ್ರಶ್ನೆಗಳು ಆಮೇಲೆ ಫೋನಲ್ಲೂ ಮುಂದುವರಿದವು. ಒಂದು ಕಡೆ ಬರೆದೇ ಇಡೋಣ ಅನ್ನಿಸಿತು.

ಬಾಲಪ್ರತಿಭೆ ಅಂತ ಯಾರನ್ನು ಕರೆಯಬೇಕು? ಜಾಣ ಮಗುವಿಗೂ ಅವರಿಗೂ ಏನು ವ್ಯತ್ಯಾಸ?

ಹತ್ತು ವರ್ಷ ತುಂಬುವ ಮೊದಲೇ, ಹೆಚ್ಚೆಂದರೆ ಅದರ ಆಸುಪಾಸಿನಲ್ಲಿ, ಕಷ್ಟದ ಒಂದು ವಿದ್ಯೆಯಲ್ಲಿ ಪಳಗಿದ ದೊಡ್ಡವರ ಮಟ್ಟ ಮುಟ್ಟಿರಬೇಕು. ಈ ವಿಷಯ ಓದಿಕೊಂಡವರು ಹೆಚ್ಚುಕಡಿಮೆ ಹೀಗೇ ಹೇಳುತ್ತಾರೆ. ನನ್ನ ಅಳತೆ ಇನ್ನೂ ಸುಲಭದ್ದು. ಕಣ್ಣು ಮುಚ್ಚಿಕೊಂಡು ಕೇಳಿ. ಹಾಡುತ್ತಿರುವುದು ಮಗು ಅಂತ ಗೊತ್ತಿಲ್ಲದಿದ್ದರೂ ಎದ್ದು ಹೋಗದೆ ಕೂತಿರುತ್ತೀರಾ? ಹೌದು ಅಂದರೆ ಬಾಲಪ್ರತಿಭೆ. "ಪಾಪ, ಇಷ್ಟು ಚಿಕ್ಕದು ಎಷ್ಟು ಚೆನ್ನಾಗಿ ಹಾಡ್ತಿದೆ" ಅಂದರೆ ಜಾಣ ಮಗು. ಜಾಣ ಮಗುವೂ ಸಂತೋಷದ ವಿಷಯವೇ. ಬಿರುದು ಬೇಕಾಗಿಲ್ಲ ಅಷ್ಟೇ.

ಹಾಗಾದರೆ ರಾಜಧಾನಿಗಳನ್ನು ಪಟಪಟ ಹೇಳುವ ಮಗು?

ಒಳ್ಳೆಯ ನೆನಪು. ಬಾಯಿಪಾಠಕ್ಕೆ ನಮ್ಮಲ್ಲಿ ಮೊದಲಿಂದಲೂ ಬೆಲೆ ಇದೆ, ಇರಲಿ. ಆದರೆ ನೆನಪು ಒಂದು ಕಚ್ಚಾ ಸಾಮಗ್ರಿ. 2012ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞರು 8 ಬಾಲಪ್ರತಿಭೆಗಳನ್ನು ಕೂರಿಸಿ ಪರೀಕ್ಷೆ ಮಾಡಿದ್ದರು. ಅವರ ಐಕ್ಯೂ 108ರಿಂದ 147ರವರೆಗೆ ಹರಡಿತ್ತು. ಅಂದರೆ ಕೆಲವರದು ಸಾಧಾರಣಕ್ಕಿಂತ ಸ್ವಲ್ಪ ಮೇಲೆ, ಅಷ್ಟೇ. ಎಂಟೂ ಜನರಲ್ಲಿ ಒಂದೇ ಥರ ಮೇಲಿದ್ದದ್ದು ಬೇರೆ: ಹತ್ತಾರು ಸಂಗತಿಗಳನ್ನು ತಲೆಯಲ್ಲಿ ಒಟ್ಟಿಗೆ ಹಿಡಿದಿಟ್ಟುಕೊಂಡು ಅವುಗಳ ಜೊತೆ ಕೆಲಸ ಮಾಡುವ ಶಕ್ತಿ. ಹಿಡಿದಿಟ್ಟುಕೊಂಡು ಒಪ್ಪಿಸುವುದಲ್ಲ, ಕೆಲಸ ಮಾಡುವುದು. ನಮ್ಮ ಪ್ಯಾರಿಸ್ ಪುಟ್ಟ ಅಲ್ಲಿಗೆ ಇನ್ನೂ ಬಂದಿಲ್ಲ. ಬರಬಹುದು.

ಸಂಗೀತ, ಗಣಿತ, ಚೆಸ್ ಬಿಟ್ಟರೆ ಬೇರೆ ಕಡೆ ಯಾಕೆ ಕಾಣಲ್ಲ? ಹತ್ತು ವರ್ಷದ ಕಾದಂಬರಿಕಾರ ಯಾಕಿಲ್ಲ?

ಈ ಮೂರಕ್ಕೂ ಲೋಕಾನುಭವ ಬೇಡ. ಅರವತ್ತನಾಲ್ಕು ಮನೆ, ಹನ್ನೆರಡು ಸ್ವರಸ್ಥಾನ, ಹತ್ತು ಅಂಕಿ. ನಿಯಮ ಎಲ್ಲ ಒಳಗೇ ಇವೆ. ತಪ್ಪಾದರೆ ತಕ್ಷಣ ಗೊತ್ತಾಗುತ್ತದೆ. ಎಂಟು ವರ್ಷದ ಮಗು ಎದುರಾಳಿಯ ಮಂತ್ರಿಯನ್ನು ಹೊಡೆದರೆ ಅದು ಹೊಡೆದದ್ದೇ, ಯಾರೂ ವಾದ ಮಾಡುವ ಹಾಗಿಲ್ಲ.

ಕಾದಂಬರಿ ಹಾಗಲ್ಲ. ಮನೆ ಪಾಲಾಗುವುದನ್ನು, ಸಾಲದವನು ಬಾಗಿಲಿಗೆ ಬರುವುದನ್ನು ನೋಡಿರಬೇಕು. ನೋಡಿದ್ದು ಒಳಗೆ ಕೂತು ಹುಳಿ ಬರಬೇಕು. ಫ್ರೆಂಚ್ ಕವಿ ರಿಂಬೋ ಹದಿಹರೆಯದಲ್ಲೇ ದೊಡ್ಡ ಕವಿತೆ ಬರೆದ, ಇಪ್ಪತ್ತರ ಆಚೀಚೆ ಕವಿತೆಯನ್ನೇ ಬಿಟ್ಟ. ಆದರೆ ಕವಿತೆ ಒಂಚೂರು ಸಂಗೀತದ ಕಡೆಯದು. ಗದ್ಯದಲ್ಲಿ ಅಂಥ ಹೆಸರು ಹುಡುಕುವುದು ಕಷ್ಟ.

ಸಿನಿಮಾದಲ್ಲಿ ನಮ್ಮಲ್ಲೇ ಒಂದು ವಿಚಿತ್ರ ನಡೆದಿದೆ. ಮಾಸ್ಟರ್ ಕಿಶನ್ ಹತ್ತರ ಆಸುಪಾಸಿನ ವಯಸ್ಸಿನಲ್ಲಿ ಪೂರ್ಣಪ್ರಮಾಣದ ಕನ್ನಡ ಚಿತ್ರ ನಿರ್ದೇಶಿಸಿದ. 2006ರಲ್ಲಿ ಅದು ತೆರೆಗೆ ಬಂತು, ಗಿನ್ನೆಸ್ ದಾಖಲೆಯನ್ನೂ ಸೇರಿತು.

ಇದು ಹುಟ್ಟಿನಿಂದ ಬರುತ್ತಾ, ತರಬೇತಿಯಿಂದ ಬರುತ್ತಾ?

ಇದಕ್ಕೆ ಒಬ್ಬ ಅಪ್ಪ ತನ್ನ ಮನೆಯಲ್ಲೇ ಉತ್ತರ ಹುಡುಕಲು ಹೊರಟಿದ್ದ. ಹಂಗೇರಿಯ ಲಾಸ್ಲೊ ಪೊಲ್ಗಾರ್. ಪ್ರತಿಭೆಯನ್ನು ತಯಾರು ಮಾಡಬಹುದು ಅನ್ನುವುದು ಅವನ ವಾದ. ಮಕ್ಕಳು ಹುಟ್ಟುವ ಮೊದಲೇ ಹಾಗಂತ ತೀರ್ಮಾನ ಮಾಡಿದ್ದ. ಮೂವರು ಹೆಣ್ಣುಮಕ್ಕಳಿಗೂ ಮನೆಯಲ್ಲೇ ಪಾಠ, ಮನೆ ತುಂಬ ಚೆಸ್. ದೊಡ್ಡವಳು ಸೂಸನ್ 1991ರಲ್ಲಿ ಚೆಸ್‌ನ ಅತಿ ದೊಡ್ಡ ಬಿರುದಾದ ಗ್ರ್ಯಾಂಡ್‌ಮಾಸ್ಟರ್ ಪಡೆದಳು. ಕೊನೆಯವಳು ಯೂಡಿತ್ ಅದೇ ವರ್ಷದ ಡಿಸೆಂಬರ್‌ನಲ್ಲಿ 15 ವರ್ಷ 4 ತಿಂಗಳಿಗೆ ಗ್ರ್ಯಾಂಡ್‌ಮಾಸ್ಟರ್ ಆಗಿ, 1958ರಿಂದ ಇದ್ದ ಬಾಬಿ ಫಿಶರ್‌ನ ದಾಖಲೆ ಮುರಿದಳು. ಮುಂದೆ ಗಂಡಸರೂ ಸೇರಿದ ಪಟ್ಟಿಯಲ್ಲೇ ಲೋಕದ 8ನೇ ಸ್ಥಾನಕ್ಕೆ ಏರಿದಳು. ನಡುವಿನವಳು ಸೋಫಿಯಾ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಇಂಟರ್‌ನ್ಯಾಷನಲ್ ಮಾಸ್ಟರ್ ಆದಳು.

ಅಪ್ಪ ಗೆದ್ದ ಅಂತ ಎಲ್ಲರೂ ಹೇಳುತ್ತಾರೆ. ನನಗೆ ನಡುವಿನವಳ ಮೇಲೇ ಕಣ್ಣು. ಒಂದೇ ಮನೆ, ಒಂದೇ ಊಟ, ಒಂದೇ ಪಾಠ. ಆದರೂ ಮೂವರೂ ಒಂದೇ ಮೆಟ್ಟಿಲ ಮೇಲೆ ನಿಲ್ಲಲಿಲ್ಲ. ಗೊಬ್ಬರ ನೀರು ಸಮ ಹಾಕಿದರೂ ಮೂರು ತೆಂಗಿನಮರ ಸಮ ಕಾಯಿ ಬಿಡುವುದಿಲ್ಲ ಅಲ್ವಾ?

ಮೊಜಾರ್ಟ್‌ನ ಕಥೆಯಲ್ಲೂ ಹೀಗೇ. ಐದನೇ ವಯಸ್ಸಿಗೆ ಸಂಗೀತ ರಚಿಸತೊಡಗಿದ ಅನ್ನುವುದು ನಿಜ. ಅಪ್ಪ ಲಿಯೋಪೋಲ್ಡ್ ಯಾರು ಅಂತ ಯಾರೂ ಹೇಳುವುದಿಲ್ಲ. ಮಗ ಹುಟ್ಟಿದ 1756ರಲ್ಲೇ ಪಿಟೀಲು ಕಲಿಸುವುದು ಹೇಗೆ ಅಂತ ಪುಸ್ತಕ ಅಚ್ಚು ಹಾಕಿಸಿದ ಮೇಷ್ಟ್ರು ಅವನು. ತೊಟ್ಟಿಲ ಪಕ್ಕದಲ್ಲೇ ಗುರು.

ಶಕುಂತಲಾ ದೇವಿ ಅಷ್ಟು ದೊಡ್ಡ ಲೆಕ್ಕಗಳನ್ನು ಮನಸ್ಸಿನಲ್ಲೇ ಹೇಗೆ ಮಾಡುತ್ತಿದ್ದರು? ಟ್ರಿಕ್ಕಾ?

ಸ್ವಲ್ಪ ಉಪಾಯ ಇತ್ತು. ಉಪಾಯ ಮಾತ್ರ ಅಲ್ಲ. ಮೊದಲು ಉಪಾಯ ನೋಡಿ, ನೀವೂ ಮಾಡಬಹುದು.

79,507ರ ಘನಮೂಲ ಎಷ್ಟು? ಅಂದರೆ ಯಾವ ಸಂಖ್ಯೆಯನ್ನು ಮೂರು ಸಲ ಬರೆದು ಗುಣಿಸಿದರೆ ಇದು ಬರುತ್ತದೆ? ಕೊನೆಯ ಅಂಕಿ 7. ಒಂದರಿಂದ ಒಂಬತ್ತರವರೆಗಿನ ಅಂಕಿಗಳ ಘನ ಬರೆದುಕೊಳ್ಳಿ. 7ರಲ್ಲಿ ಕೊನೆಯಾಗುವುದು 3ರ ಘನ ಮಾತ್ರ, 27. ಹಾಗಾಗಿ ಉತ್ತರದ ಕೊನೆಯ ಅಂಕಿ 3. ಈಗ ಕೊನೆಯ ಮೂರು ಅಂಕಿ ಬಿಟ್ಟುಬಿಡಿ. ಉಳಿದದ್ದು 79. ಅದು 4ರ ಘನವಾದ 64ಕ್ಕಿಂತ ಜಾಸ್ತಿ, 5ರ ಘನವಾದ 125ಕ್ಕಿಂತ ಕಡಿಮೆ. ಹಾಗಾಗಿ ಮೊದಲ ಅಂಕಿ 4. ಉತ್ತರ 43. ಮದುವೆ ಮನೆಯಲ್ಲಿ ಹೇಳಿದರೆ ಚಪ್ಪಾಳೆ ಗ್ಯಾರಂಟಿ. ಕೊಟ್ಟ ಸಂಖ್ಯೆ ಪೂರ್ಣ ಘನವೇ ಆಗಿರಬೇಕು, ಅದನ್ನು ಮಾತ್ರ ಮರೆಯಬೇಡಿ.

ಈಗ ಅವರ ಕಡೆಗೆ ಬರೋಣ. 1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದರು. ಅಪ್ಪ ಸರ್ಕಸ್‌ನವರು. ಮೂರರ ವಯಸ್ಸಿನಲ್ಲಿ ಇಸ್ಪೀಟು ಆಟ ಆಡುವಾಗ ಮಗಳ ನೆನಪು ಕಂಡು ಅಪ್ಪ ದಂಗಾದರು. ಸರ್ಕಸ್ ಬಿಟ್ಟು ಮಗಳ ಪ್ರದರ್ಶನಗಳನ್ನು ಶುರು ಮಾಡಿದರು. ಆರರ ಹೊತ್ತಿಗೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಲೆಕ್ಕ ಮಾಡಿ ತೋರಿಸಿದರು. ಕ್ರಮವಾಗಿ ಶಾಲೆಗೆ ಹೋದವರಲ್ಲ. 1977ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 201 ಅಂಕಿಯ ಸಂಖ್ಯೆಯ 23ನೇ ಮೂಲವನ್ನು 50 ಸೆಕೆಂಡಿನಲ್ಲಿ ಹೇಳಿದರು. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಯ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದರು. ಆ ಗುಣಾಕಾರಕ್ಕೆ ಮೇಲಿನ ಉಪಾಯ ನಡೆಯುವುದಿಲ್ಲ.

ನನಗೆ ಇದಕ್ಕಿಂತ ಇಷ್ಟವಾದದ್ದು 1988ರ ಒಂದು ಪ್ರಸಂಗ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಆರ್ಥರ್ ಜೆನ್ಸನ್ ಅನ್ನುವ ಮನಃಶಾಸ್ತ್ರಜ್ಞ ಇವರನ್ನು ಪರೀಕ್ಷಿಸಿದ. 6,16,29,875ರ ಘನಮೂಲ ಕೇಳಿದ. 17,08,59,375ರ 7ನೇ ಮೂಲ ಕೇಳಿದ. ಅವನು ಪ್ರಶ್ನೆಯನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುವ ಮೊದಲೇ ಉತ್ತರ ಬಂದಿತ್ತು. 395. 15. ಇಷ್ಟು ವೇಗದ ಮೆದುಳು ಎಲ್ಲದರಲ್ಲೂ ವೇಗ ಇರಬೇಕು ಅಂತ ಅಂದುಕೊಂಡು, ದೀಪ ಹತ್ತಿದ ಕೂಡಲೇ ಗುಂಡಿ ಒತ್ತುವಂಥ ಪರೀಕ್ಷೆಗಳನ್ನೂ ಕೊಟ್ಟ. ಅಲ್ಲಿ ಅವರು ನಮ್ಮ ನಿಮ್ಮ ಹಾಗೇ. ವಿಶೇಷ ಏನೂ ಇಲ್ಲ.

ಅಂದರೆ ಇಂಜಿನ್ ದೊಡ್ಡದಿರಲಿಲ್ಲ, ದಾರಿ ಗೊತ್ತಿತ್ತು. ಚಿಕ್ಕಂದಿನಿಂದ ಸಂಖ್ಯೆಗಳ ಜೊತೆಗೇ ಬೆಳೆದವರು. ನಮಗೆ ನಮ್ಮ ಓಣಿಯ ಮನೆಗಳು ಗೊತ್ತಿರುವ ಹಾಗೆ ಅವರಿಗೆ ಸಂಖ್ಯೆಗಳು ಗೊತ್ತಿದ್ದವು.

ಮಗುವಿಗೆ ಐಕ್ಯೂ ಟೆಸ್ಟ್ ಮಾಡಿಸಬೇಕಾ?

ಶಾಲೆಯಲ್ಲಿ ಕಲಿಕೆಗೆ ತೊಂದರೆ ಆಗುತ್ತಿದ್ದರೆ ತಜ್ಞರು ಹೇಳಿದಾಗ ಮಾಡಿಸಿ. ಬಿರುದಿಗಾಗಿ ಸುಮ್ನೆ ಬೇಡ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಮನಃಶಾಸ್ತ್ರಜ್ಞ ಲೂಯಿಸ್ ಟರ್ಮನ್ 1921ರಲ್ಲಿ ಶುರು ಮಾಡಿ ಹೆಚ್ಚು ಐಕ್ಯೂ ಇದ್ದ ಸುಮಾರು 1,500 ಮಕ್ಕಳನ್ನು ಆರಿಸಿ, ವರ್ಷಗಟ್ಟಲೆ ಅವರ ಬೆನ್ನು ಹತ್ತಿದ. ಬಹಳ ಜನ ಚೆನ್ನಾಗಿಯೇ ಬಾಳಿದರು. ಆದರೆ ನೊಬೆಲ್ ಯಾರಿಗೂ ಬರಲಿಲ್ಲ. ಅವನ ಜರಡಿಯಲ್ಲಿ ಅಂಕ ಸಾಲದೆ ಕೆಳಗೆ ಬಿದ್ದ ಇಬ್ಬರು ಹುಡುಗರಿಗೆ ಬಂತು: ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವರೆಜ್.

ಇಂಥ ಮಕ್ಕಳು ದೊಡ್ಡವರಾದ ಮೇಲೆ ಏನಾಗುತ್ತಾರೆ?

ನಿಜವಾದ ಪ್ರಶ್ನೆ ಇದು. ಹೆಚ್ಚಿನವರು ಒಳ್ಳೆಯ ವೃತ್ತಿಪರರಾಗುತ್ತಾರೆ. ಎಂಟಕ್ಕೆ ನುಡಿಸಿದ್ದನ್ನೇ ಇಪ್ಪತ್ತೆಂಟಕ್ಕೆ ನುಡಿಸಿದರೆ ಯಾರೂ ಬಾಯಿ ಬಿಟ್ಟು ನೋಡುವುದಿಲ್ಲ. ಅಲ್ಲೇ ಹಲವರು ನಿಂತುಹೋಗುತ್ತಾರೆ. ದಾಟಿದವರ ಕಥೆ ಬೇಕು ಅಂದರೆ ದೂರ ಹೋಗಬೇಕಾಗಿಲ್ಲ, ಬೆಳಗಾವಿ ಸಾಕು.

ಸುಳೇಭಾವಿಯಲ್ಲಿ 1924ರ ಏಪ್ರಿಲ್ 8ರಂದು ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ ಹುಟ್ಟಿದ. ಮನೆಯಲ್ಲಿ ಸಂಗೀತ ಇತ್ತು. ಆಗ ಗ್ರಾಮಾಫೋನ್ ಪ್ಲೇಟುಗಳ ಕಾಲ. ಒಂದು ಬದಿಗೆ ಮೂರು ಮೂರೂವರೆ ನಿಮಿಷ. ದೊಡ್ಡ ದೊಡ್ಡ ಉಸ್ತಾದರ ಪ್ಲೇಟು ಕೇಳಿದರೆ ಹುಡುಗ ಅದನ್ನು ಹಾಗೆ ಹಾಗೇ ಹಾಡುತ್ತಿದ್ದ. ತಾನ್, ಮುರ್ಕಿಯಂಥ ವೇಗದ ಸ್ವರಗಳು, ಉಸಿರು ತೆಗೆದುಕೊಳ್ಳುವ ಜಾಗ ಸಮೇತ. ಏಳರ ಹೊತ್ತಿಗೆ ಒಬ್ಬ ಸ್ವಾಮೀಜಿ "ಕುಮಾರ ಗಂಧರ್ವ" ಅಂದರು. ಆ ಬಿರುದೇ ಹೆಸರಾಯಿತು. ಊರೂರಲ್ಲಿ ಕಛೇರಿ. 1936ರ ಹೊತ್ತಿಗೆ ಮುಂಬಯಿಯ ದೊಡ್ಡ ದೊಡ್ಡ ಸಂಗೀತಗಾರರ ಮುಂದೆ ಹಾಡಿ ಎಲ್ಲರನ್ನೂ ಮರುಳು ಮಾಡಿದ. ಇನ್ನೂ ಹನ್ನೆರಡು ತುಂಬಿರಲಿಲ್ಲ.

ಅಲ್ಲಿಗೆ ಸಿಕ್ಕಿದವರು ಬಿ. ಆರ್. ದೇವಧರ್. ಮುಂಬಯಿಯಲ್ಲಿ ಸಂಗೀತ ಶಾಲೆ ನಡೆಸುತ್ತಿದ್ದ ಮೇಷ್ಟ್ರು. ಹುಡುಗನನ್ನು ತಮ್ಮ ಬಳಿ ಇಟ್ಟುಕೊಂಡು ಕಲಿಸಿದರು. ನಕಲು ಮಾಡುವುದು ಅವನಿಗೆ ಎಡಗೈ ಆಟ. ಹಾಡುತ್ತಿರುವುದು ಯಾವ ರಾಗ, ಯಾಕೆ ಹೀಗೆ ಅನ್ನುವುದನ್ನು ಕಲಿಯಬೇಕಿತ್ತು. ವೇದಿಕೆಯ ಮೇಲೆ ಮೆರೆಯುತ್ತಿದ್ದ ಮಗು ಮತ್ತೆ ವಿದ್ಯಾರ್ಥಿಯಾಗಿ ಕೂತದ್ದು ಸಣ್ಣ ಮಾತಲ್ಲ.

ಆಮೇಲೆ ಕ್ಷಯ ಬಂತು. 1948ರಲ್ಲಿ ಒಣಹವೆ ಹುಡುಕಿಕೊಂಡು ಮಧ್ಯಪ್ರದೇಶದ ದೇವಾಸ್‌ಗೆ ಹೋದರು. ಒಂದು ಶ್ವಾಸಕೋಶ ಹಾಳಾಯಿತು. ಹಾಡಬೇಡಿ ಅಂದರು ವೈದ್ಯರು. ಹಾಸಿಗೆಯ ಮೇಲೆ ವರ್ಷಗಟ್ಟಲೆ. ಕಿಟಕಿಯಾಚೆ ಮಾಳವದ ಹೆಂಗಸರ ಜನಪದ ಹಾಡು ಮಾತ್ರ ಕಿವಿಗೆ ಬೀಳುತ್ತಿತ್ತು. 1950ರ ದಶಕದ ಶುರುವಿನಲ್ಲಿ ಮತ್ತೆ ಹಾಡಿದಾಗ ಅದು ಯಾವ ಪ್ಲೇಟಿನ ನಕಲೂ ಆಗಿರಲಿಲ್ಲ. ಉದ್ದ ಉಸಿರು ಇರಲಿಲ್ಲ, ಸಣ್ಣ ಸಣ್ಣ ಚೂರುಗಳಲ್ಲಿ ಸ್ವರ ಎಸೆದು ಹಿಡಿಯುವ ಹೊಸ ರೀತಿ ಬಂದಿತ್ತು. ಕಬೀರನ ನಿರ್ಗುಣ ಭಜನೆಗಳನ್ನು ಅವರ ದನಿಯಲ್ಲಿ ಕೇಳಿದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ.

ಇದರ ಪಕ್ಕದಲ್ಲಿ ಇನ್ನೊಬ್ಬ ಹುಡುಗನನ್ನು ಇಟ್ಟು ನೋಡಿ. ಇವನೂ ಅದೇ ಕಾಲದವನು, ಎರಡು ವರ್ಷ ದೊಡ್ಡವನು, ಗದಗದ ಕಡೆಯವನು. ಇವನೂ ಅಬ್ದುಲ್ ಕರೀಂ ಖಾನರ ಪ್ಲೇಟು ಕೇಳಿದ. ಆದರೆ ಯಾರೂ ಗಂಧರ್ವ ಅನ್ನಲಿಲ್ಲ. ಹನ್ನೊಂದನೇ ವಯಸ್ಸಿಗೆ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡಿಹೋದ. ಟಿಕೆಟ್ ಇಲ್ಲದ ರೈಲು, ಗ್ವಾಲಿಯರ್, ಜಲಂಧರ್. ಕೊನೆಗೆ ಗುರು ಸಿಕ್ಕಿದ್ದು ಮನೆಯ ಪಕ್ಕದ ಕುಂದಗೋಳದಲ್ಲಿ, ಸವಾಯಿ ಗಂಧರ್ವರು. ಒಬ್ಬ ಹುಡುಗ ಮುಂಬಯಿಯ ವೇದಿಕೆಯಲ್ಲಿ ಶಾಲು ಹೊದೆಸಿಕೊಳ್ಳುತ್ತಿದ್ದ 1936ರ ಹೊತ್ತಿಗೇ ಇನ್ನೊಬ್ಬ ಗುರುವಿನ ಮನೆಯಲ್ಲಿ ನೀರು ಹೊರುತ್ತಾ ಷಡ್ಜ ತಿದ್ದುತ್ತಿದ್ದ. ಅವನೇ ಭೀಮಸೇನ ಜೋಶಿ. ನನ್ನ ಮನೆಯ ಕಪಾಟಿನಲ್ಲಿ ಇಬ್ಬರ ಕ್ಯಾಸೆಟ್ಟುಗಳೂ ಒಂದೇ ಸಾಲಿನಲ್ಲಿವೆ. ಯಾರು ಎಷ್ಟನೇ ವಯಸ್ಸಿಗೆ ಶುರು ಮಾಡಿದರು ಅಂತ ಕ್ಯಾಸೆಟ್ ಹಾಕಿದರೆ ತಿಳಿಯುವುದಿಲ್ಲ.

ಬಾಲಪ್ರತಿಭೆಗಳು ಹುಚ್ಚರಾಗುತ್ತಾರಂತೆ, ಹಾಳಾಗುತ್ತಾರಂತೆ?

ಈ ಮಾತು ಬಂದಾಗಲೆಲ್ಲ ವಿಲಿಯಂ ಸಿಡಿಸ್ ಹೆಸರು ಬರುತ್ತದೆ. 1909ರಲ್ಲಿ 11 ವರ್ಷಕ್ಕೆ ಹಾರ್ವರ್ಡ್ ಸೇರಿದ, ಮರುವರ್ಷ ನಾಲ್ಕು ಆಯಾಮದ ವಸ್ತುಗಳ ಬಗ್ಗೆ ಅಲ್ಲಿನ ಗಣಿತ ಕ್ಲಬ್ಬಿನಲ್ಲಿ ಉಪನ್ಯಾಸ ಕೊಟ್ಟ. ಆಮೇಲೆ ಪತ್ರಿಕೆಯವರು ಬೆನ್ನು ಬಿಡಲಿಲ್ಲ. ದೊಡ್ಡವನಾದ ಮೇಲೆ ಸಣ್ಣ ಗುಮಾಸ್ತೆ ಕೆಲಸಗಳನ್ನು ಹಿಡಿದು ಮರೆಯಲ್ಲಿ ಬದುಕಿದ. ಟ್ರಾಮ್ ಟಿಕೆಟ್ ಸಂಗ್ರಹಿಸುವುದರ ಮೇಲೆ ಒಂದು ಪುಸ್ತಕವನ್ನೇ ಬರೆದ. 1937ರಲ್ಲಿ ಪತ್ರಿಕೆಯೊಂದು ಮತ್ತೆ ಹುಡುಕಿ ಬರೆದಾಗ ಕೋರ್ಟಿಗೆ ಹೋದ, ಖಾಸಗಿತನದ ಆ ಕೇಸನ್ನು ಸೋತ. 1944ರಲ್ಲಿ 46ಕ್ಕೆ ತೀರಿಕೊಂಡ. ಅವನ ಐಕ್ಯೂ 250, 300 ಅಂತ ವಾಟ್ಸಾಪಿನಲ್ಲಿ ಬರುವುದಕ್ಕೆ ನಂಬುವಂಥ ಆಧಾರ ಇಲ್ಲ.

ಸೋತವನು ಅಂತ ಅವನನ್ನು ಕರೆಯಲು ನನಗೆ ಮನಸ್ಸಿಲ್ಲ. ಟ್ರಾಮ್ ಟಿಕೆಟ್ ಇಷ್ಟಪಡುವ ಗುಮಾಸ್ತ ನಮ್ಮ ಬೀದಿಯಲ್ಲೂ ಇದ್ದಾನು. ಅವನನ್ನು ಯಾರೂ ಸೋತವನು ಅನ್ನುವುದಿಲ್ಲ.

ಹೆಣ್ಣುಮಕ್ಕಳ ಹೆಸರು ಯಾಕೆ ಕಡಿಮೆ?

ಮೊಜಾರ್ಟ್‌ಗೆ ಒಬ್ಬಳು ಅಕ್ಕ ಇದ್ದಳು, ನಾನರ್ಲ್. ನಾಲ್ಕೂವರೆ ವರ್ಷ ದೊಡ್ಡವಳು. ಯುರೋಪಿನ ಪ್ರವಾಸಗಳಲ್ಲಿ ಇಬ್ಬರೂ ನುಡಿಸಿದರು. ಮದುವೆಯ ವಯಸ್ಸು ಬಂತು ಅಂತ ಅವಳ ಪ್ರವಾಸ ನಿಂತಿತು. ತಮ್ಮ ಇಟಲಿಗೆ ಹೋದ, ಅವಳು ಮನೆಯಲ್ಲಿ ಉಳಿದಳು. ಉತ್ತರ ಇಷ್ಟೇ.

ಚೆಸ್‌ನಲ್ಲಿ ದಿನಕ್ಕೊಂದು ದಾಖಲೆ ಮುರಿಯುತ್ತಿದೆಯಲ್ಲ, ಮಕ್ಕಳು ಜಾಣರಾಗಿದ್ದಾರಾ?

ಸಾಮಗ್ರಿ ಜಾಸ್ತಿಯಾಗಿದೆ. ಹಿಂದೆ ದೊಡ್ಡ ಆಟಗಾರನ ಜೊತೆ ಆಡಲು ಊರು ಬಿಡಬೇಕಿತ್ತು. ಈಗ ಕಂಪ್ಯೂಟರ್ ರಾತ್ರಿ ಹತ್ತಕ್ಕೂ ಎದುರಿಗೆ ಕೂರುತ್ತದೆ, ಬೈಯುವುದೂ ಇಲ್ಲ. ಉಕ್ರೇನಿನ ಹುಡುಗ ಸೆರ್ಗೈ ಕರ್ಯಾಕಿನ್ 2002ರಲ್ಲಿ 12 ವರ್ಷ 7 ತಿಂಗಳಿಗೆ ಗ್ರ್ಯಾಂಡ್‌ಮಾಸ್ಟರ್ ಆಗಿದ್ದ. ಚೆನ್ನೈನ ಗುಕೇಶ್ 2019ರಲ್ಲಿ ಆ ದಾಖಲೆಯನ್ನು 17 ದಿನದ ಅಂತರದಲ್ಲಿ ತಪ್ಪಿಸಿಕೊಂಡ. 2021ರಲ್ಲಿ ಅಮೆರಿಕದ ಅಭಿಮನ್ಯು ಮಿಶ್ರಾ 12 ವರ್ಷ 4 ತಿಂಗಳಿಗೆ ಅದನ್ನು ಮುರಿದ. ದಾಖಲೆ ತಪ್ಪಿಸಿಕೊಂಡ ಗುಕೇಶ್ 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಡಿಂಗ್ ಲಿರೆನ್‌ನನ್ನು ಸೋಲಿಸಿ, 18ಕ್ಕೆ ವಿಶ್ವ ಚಾಂಪಿಯನ್ ಆದ. ಆ 17 ದಿನ ಈಗ ಯಾರ ಲೆಕ್ಕಕ್ಕೂ ಇಲ್ಲ.

ಮಗು ನಿಜಕ್ಕೂ ತುಂಬ ಮುಂದಿದೆ. ಶಾಲೆ ಬಿಡಿಸಬೇಕಾ, ಕ್ಲಾಸು ಹಾರಿಸಬೇಕಾ?

ಅವಸರ ಬೇಡ. ಆಸ್ಟ್ರೇಲಿಯಾದ ಟೆರೆನ್ಸ್ ಟಾವ್ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನಲ್ಲಿ 10ರ ವಯಸ್ಸಿಗೆ ಕಂಚು, ಮರುವರ್ಷ ಬೆಳ್ಳಿ, 13ರ ಹೊತ್ತಿಗೆ ಚಿನ್ನ ಗೆದ್ದವನು. ಅವನ ಅಪ್ಪ ಅಮ್ಮ ಒಂದೇ ಸಲ ಮೇಲಕ್ಕೆ ಎತ್ತಿ ಕೂರಿಸಲಿಲ್ಲ. ಗಣಿತಕ್ಕೆ ದೊಡ್ಡ ಕ್ಲಾಸು, ಉಳಿದ ವಿಷಯಕ್ಕೆ ಚಿಕ್ಕ ಕ್ಲಾಸು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕಳಿಸಿದರು. 2006ರಲ್ಲಿ ಗಣಿತದ ಅತಿ ದೊಡ್ಡ ಗೌರವಗಳಲ್ಲಿ ಒಂದಾದ ಫೀಲ್ಡ್ಸ್ ಪದಕ ಬಂತು.

ಕೈಲಾದರೆ ಇಷ್ಟು ಮಾಡಿ. ಮಗುವಿಗಿಂತ ಚೆನ್ನಾಗಿ ಗೊತ್ತಿರುವ ಒಬ್ಬ ಮೇಷ್ಟ್ರನ್ನು ಹುಡುಕಿ. ಹೊಗಳುವವರು ಬೇಕಾದಷ್ಟು ಸಿಗುತ್ತಾರೆ, ತಿದ್ದುವವರು ಸಿಗುವುದು ಕಷ್ಟ. ನನ್ನ ಅಣ್ಣನ ಮಗಳಿಗೆ ಮೂರು ವರ್ಷ ಕೀಬೋರ್ಡ್ ಕಲಿಸಿದ ಒಂದು ತರಗತಿಯಲ್ಲಿ ಪ್ರತಿ ತಿಂಗಳೂ ಸರ್ಟಿಫಿಕೇಟ್ ಕೊಟ್ಟರು, ಒಂದು ದಿನವೂ ತಾಳ ತಪ್ಪಿದೆ ಅಂತ ಹೇಳಲಿಲ್ಲ. ಮೂವತ್ತಾರು ಸರ್ಟಿಫಿಕೇಟ್ ಇವೆ. ತಾಳ ಈಗಲೂ ಇಲ್ಲ.

ಸಿನಿಮಾ, ರಿಯಾಲಿಟಿ ಶೋಗೆ ಕಳಿಸಿದರೆ ಕಾನೂನು ಏನು ಹೇಳುತ್ತದೆ? ದುಡ್ಡು ಯಾರದು?

ಪುನೀತ್ ರಾಜ್‌ಕುಮಾರ್ ಹತ್ತರ ವಯಸ್ಸಿನಲ್ಲಿ ಮಾಡಿದ ಪಾತ್ರಕ್ಕೆ ಅತ್ಯುತ್ತಮ ಬಾಲನಟ ರಾಷ್ಟ್ರಪ್ರಶಸ್ತಿ ಬಂದದ್ದು ನಮಗೆಲ್ಲ ಗೊತ್ತು. ಎಲ್ಲ ಮಕ್ಕಳಿಗೂ ಅಂಥ ಮನೆ ಇರುವುದಿಲ್ಲ. ಹಾಗಾಗಿ ಬಾಲಕಾರ್ಮಿಕ ಕಾನೂನಿಗೆ 2016ರಲ್ಲಿ ತಿದ್ದುಪಡಿ ಆದಾಗ, ಮರುವರ್ಷದ ನಿಯಮಗಳಲ್ಲಿ ಬಾಲಕಲಾವಿದರಿಗೂ ಕಟ್ಟಳೆ ಬಂತು. ದಿನಕ್ಕೆ 5 ಗಂಟೆಗಿಂತ ಜಾಸ್ತಿ ಕೆಲಸ ಇಲ್ಲ. ಬಿಡುವಿಲ್ಲದೆ 3 ಗಂಟೆ ಮೀರುವ ಹಾಗಿಲ್ಲ. ಜಿಲ್ಲಾಧಿಕಾರಿಯ ಅನುಮತಿ ಬೇಕು. ಶಾಲೆ ತಪ್ಪಬಾರದು. ಸಂಪಾದನೆಯಲ್ಲಿ ಕನಿಷ್ಠ ಶೇ. 20ರಷ್ಟು ಮಗುವಿನ ಹೆಸರಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಎಫ್‌ಡಿ ಆಗಬೇಕು.

ಉಳಿದ ಶೇ. 80? ಅದು ಮನೆಯವರ ಮನಸ್ಸಾಕ್ಷಿಗೆ ಬಿಟ್ಟದ್ದು. 1921ರಲ್ಲಿ ಚಾಪ್ಲಿನ್ ಜೊತೆ ನಟಿಸಿ ಲೋಕಕ್ಕೇ ಗೊತ್ತಾದ ಜಾಕಿ ಕೂಗನ್ ಬಾಲ್ಯದಲ್ಲಿ 30–40 ಲಕ್ಷ ಡಾಲರ್ ದುಡಿದಿದ್ದ. ದೊಡ್ಡವನಾಗಿ ಕೇಳಿದರೆ ತಾಯಿ ಮಲತಂದೆ ಖರ್ಚು ಮಾಡಿ ಮುಗಿಸಿದ್ದರು. 1938ರಲ್ಲಿ ಅವರ ಮೇಲೇ ಕೇಸು ಹಾಕಿದ. ಕೈಗೆ ಬಂದದ್ದು ಸುಮಾರು 1.26 ಲಕ್ಷ ಡಾಲರ್. ಮರುವರ್ಷ ಕ್ಯಾಲಿಫೋರ್ನಿಯಾದಲ್ಲಿ ಬಂದ ಕಾನೂನನ್ನು ಇವತ್ತಿಗೂ ಅವನ ಹೆಸರಲ್ಲೇ ಕರೆಯುತ್ತಾರೆ.

ಪೂರ್ವಜನ್ಮದ ಸಂಸ್ಕಾರ ಅಂತಾರಲ್ಲ?

ನಮ್ಮಜ್ಜಿಯೂ ಹಾಗೇ ಅನ್ನುತ್ತಿದ್ದರು. ಅಂದ ಮೇಲೆ ಮಗುವಿಗೆ ದೃಷ್ಟಿ ತೆಗೆದು, "ಹೋಗಿ ಆಡ್ಕೋ" ಅಂತ ಕಳಿಸುತ್ತಿದ್ದರು. ಎರಡನೆಯದನ್ನು ಬಿಡಬೇಡಿ.

ವಯಸ್ಸು ಕಡಿಮೆ ಹೇಳುತ್ತಾರಂತೆ, ನಿಜಾನಾ?

ಇದು ಹಳೆಯ ಚಾಳಿ. 1778ರಲ್ಲಿ ಕೊಲೋನ್‌ನಲ್ಲಿ ಬೀಥೋವನ್‌ನ ಮೊದಲ ಕಛೇರಿಯ ಜಾಹೀರಾತಿನಲ್ಲಿ ಅವನ ಅಪ್ಪ "6 ವರ್ಷದ ಮಗ" ಅಂತ ಹಾಕಿಸಿದ್ದ. ಹುಡುಗನಿಗೆ 7 ದಾಟಿತ್ತು. ಲಿಯೋಪೋಲ್ಡ್ ಮೊಜಾರ್ಟ್ ಕೂಡ ಲಂಡನ್ನಿನ ಜಾಹೀರಾತುಗಳಲ್ಲಿ ಇಬ್ಬರು ಮಕ್ಕಳಿಗೂ ಒಂದೊಂದು ವರ್ಷ ಇಳಿಸಿದ್ದ.

ಅದೇ ಅನುಮಾನದ ಮೇಲೆ ಡೇನ್ಸ್ ಬ್ಯಾರಿಂಗ್ಟನ್ ಅನ್ನುವ ವಕೀಲ ಮೊಜಾರ್ಟ್‌ನನ್ನು ಪರೀಕ್ಷಿಸಲು ಹೋದ. ಸಾಲ್ಜ್‌ಬರ್ಗ್‌ನಿಂದ ಹುಟ್ಟಿದ ದಾಖಲೆಯನ್ನೂ ತರಿಸಿಕೊಂಡ. ಹುಡುಗ ಎಂದೂ ನೋಡಿರದ ಒಂದು ಹಸ್ತಪ್ರತಿಯನ್ನು ಮುಂದಿಟ್ಟ. ಐದು ಬೇರೆ ಬೇರೆ ಭಾಗಗಳನ್ನು ಒಂದರ ಕೆಳಗೊಂದು ಬರೆದ ಸಂಗೀತ. ಹುಡುಗ ನೋಡಿದವನೇ ನುಡಿಸಿಬಿಟ್ಟ. ಕೋಪದ ಹಾಡು ಅಂದರೆ ಕೋಪದ ಹಾಡು, ಪ್ರೀತಿಯ ಹಾಡು ಅಂದರೆ ಪ್ರೀತಿಯ ಹಾಡು, ಅಲ್ಲೇ ಕಟ್ಟಿ ಹಾಡಿದ. ಬ್ಯಾರಿಂಗ್ಟನ್‌ಗೆ ಇದು ನಿಜಕ್ಕೂ ಮಗುವೇ ಅಂತ ನಂಬಿಕೆ ಬಂದದ್ದು ಬೇರೆಯದರಿಂದ. ನುಡಿಸುತ್ತಿದ್ದಾಗ ಕೋಣೆಗೆ ಒಂದು ಬೆಕ್ಕು ಬಂತು. ಹುಡುಗ ಪಿಯಾನೋ ಥರದ ಹಾರ್ಪ್ಸಿಕಾರ್ಡ್ ಬಿಟ್ಟು ಬೆಕ್ಕಿನ ಹಿಂದೆ ಓಡಿದ. ಅವನನ್ನು ಮತ್ತೆ ತಂದು ಕೂರಿಸಲು ಸುಮಾರು ಹೊತ್ತು ಹಿಡಿಯಿತಂತೆ.